ಮಂಗಟ್ಟೆ ಬದಲಿಸದೆ ಹೋದ ಮಾತು

ಒಂದು ಕಾಡಿನಲ್ಲಿ, ಹೊಳೆ ಎರಡು ಸೀಳಾಗಿ ಹರಿಯುವ ಕಡೆ, ಹಳೆಯ ತಾರೆ ಮರವೊಂದಿತ್ತು. ಆ ಮರದ ಎತ್ತರದಲ್ಲಿ ಒಂದು ಪೊಟರೆ. ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಗಳ ಒಂದು ಸಂಸಾರ. ಗಂಡನ ಹೆಸರು ಮಾಚಯ್ಯ, ಹೆಂಡತಿಯ ಹೆಸರು ನೀಲವ್ವ. ಮಂಗಟ್ಟೆಯನ್ನು ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ, ಕೇಳಿ. ಅದು ಹದ್ದಿಗಿಂತ ದೊಡ್ಡ ಹಕ್ಕಿ. ಬಾಳೆಹಣ್ಣಿನಂತೆ ಬಾಗಿದ ಹಳದಿ ಕೊಕ್ಕು, ಆ ಕೊಕ್ಕಿನ ಮೇಲೊಂದು ಕೊಂಬು. ಅದು ಹಾರಿದರೆ ರೆಕ್ಕೆಯ ಸದ್ದು ಆಚೆ ಗುಡ್ಡಕ್ಕೂ ಕೇಳುತ್ತದೆ.

ಮಂಗಟ್ಟೆಗಳಲ್ಲಿ ಒಂದು ಪದ್ಧತಿ ಇದೆ. ಮೊಟ್ಟೆಯಿಡುವ ಕಾಲ ಬಂದಾಗ ಹೆಂಡತಿ ಪೊಟರೆಯೊಳಗೆ ಹೋಗಿ ಕೂರುತ್ತಾಳೆ. ಬಾಗಿಲಿಗೆ ಒಳಗಿನಿಂದ ಮಣ್ಣು ಮೆತ್ತಿ ಗೋಡೆ ಕಟ್ಟಿಕೊಳ್ಳುತ್ತಾಳೆ. ಕೊಕ್ಕಿನ ತುದಿ ತೂರುವಷ್ಟು ಒಂದು ಕಿಂಡಿ ಮಾತ್ರ ಉಳಿಯುತ್ತದೆ. ಒಳಗೆ ಕೂತವಳ ರೆಕ್ಕೆಯ ಗರಿಗಳೆಲ್ಲ ಉದುರಿಹೋಗುತ್ತವೆ. ಹೊಸ ಗರಿ ಬಂದು ಬಲಿಯುವವರೆಗೆ ಅವಳಿಗೂ ಮರಿಗಳಿಗೂ ಗಂಡ ತಂದ ಹಣ್ಣೇ ಊಟ, ಗಂಡ ಹೇಳಿದ ಸುದ್ದಿಯೇ ಲೋಕ.

ನೀಲವ್ವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಮಾಚಯ್ಯನ ರೆಕ್ಕೆಯ ಸದ್ದು ದೂರದಲ್ಲಿ ಕೇಳಿದರೆ ಸಾಕು, ಅವಳು ಕಿಂಡಿಗೆ ಕೊಕ್ಕು ಇಟ್ಟು ಕಾಯುತ್ತಿದ್ದಳು. ಅವನು ಬಂದು ಒಂದೊಂದೇ ಹಣ್ಣು ಕೊಡುತ್ತಿದ್ದ. ಮೊದಲು ಬಸರಿ ಹಣ್ಣು. ಆಮೇಲೆ ಗೋಣಿ ಹಣ್ಣು. ಎಲ್ಲಕ್ಕಿಂತ ಕೊನೆಗೆ, ಬಹಳ ಹೊತ್ತು ಕಾಯಿಸಿ, ಬೀಜದ ಮೇಲೆ ಕೆಂಪು ಪತ್ರೆ ಸುತ್ತಿದ ಒಂದು ರಾಮಪತ್ರೆ ಹಣ್ಣು.

"ಇದೆಲ್ಲಿ ಸಿಗುತ್ತೆ?" ಎಂದು ಅವಳು ಕೇಳುತ್ತಿದ್ದಳು.

"ಹೊರಗೆ ಬಾ, ತೋರಿಸ್ತೀನಿ," ಎನ್ನುತ್ತಿದ್ದ ಮಾಚಯ್ಯ.

ಆದರೆ ಅವಳು ಗೋಡೆ ಒಡೆದು ಹೊರಗೆ ಬರುವ ಹೊತ್ತಿಗೆ ಮಳೆಗಾಲ ಬಂದಿರುತ್ತಿತ್ತು. ಬೇಸಿಗೆಯ ಹಣ್ಣುಗಳೆಲ್ಲ ಮುಗಿದಿರುತ್ತಿದ್ದವು. ಖಾಲಿ ಮರ ನೋಡಿ ಏನು ಮಾಡುವುದು ಎಂದು ಇಬ್ಬರೂ ಬೇರೆ ಕಡೆ ಹಾರುತ್ತಿದ್ದರು. ಹೀಗೆ ವರ್ಷಗಳು ಕಳೆದವು. ಆ ಹಣ್ಣುಗಳ ರುಚಿ ಅವಳಿಗೆ ಬಾಯಿಪಾಠವಾಗಿತ್ತು. ಮರಗಳನ್ನು ಮಾತ್ರ ಅವಳು ಒಮ್ಮೆಯೂ ನೋಡಿರಲಿಲ್ಲ.

ಆ ಕಾಡಿನಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಹೊಳೆದಂಡೆಯಲ್ಲಿ ಒಂದು ಚಪ್ಪಟೆ ಬಂಡೆ. ಅದನ್ನು ಮಾತಿನ ಬಂಡೆ ಎನ್ನುತ್ತಿದ್ದರು. ಬಿಲವೋ ಗೂಡೋ ಪೊಟರೆಯೋ ಇರುವ ಪ್ರಾಣಿ ಅಲ್ಲಿಗೆ ಹೋಗಿ, 'ನನ್ನ ನಂತರ ಇದು ಇಂಥವರಿಗೆ' ಎಂದು ಗಟ್ಟಿಯಾಗಿ ಹೇಳಬೇಕು. ಕೇಳಿಸಿಕೊಳ್ಳಲು ಇಬ್ಬರು ಸಾಕ್ಷಿಗಳಿರಬೇಕು. ಆ ಸಾಕ್ಷಿಗಳಿಗೆ ಅದರಲ್ಲಿ ಏನೂ ಸಿಗುವಂತಿರಬಾರದು. ಬಹಳ ಕಾಲದಿಂದ ಆಮೆಯಜ್ಜ ಮತ್ತು ಕಡವೆ ದೊಡ್ಡಮ್ಮ ಆ ಕೆಲಸ ಮಾಡುತ್ತಿದ್ದರು. ಆಮೆಗೆ ಮರ ಹತ್ತಲು ಬರುವುದಿಲ್ಲ, ಕಡವೆ ಬಿಲದೊಳಗೆ ಹಿಡಿಸುವುದಿಲ್ಲ. ಹಾಗಾಗಿ ಅವರ ಮೇಲೆ ಯಾರಿಗೂ ಅನುಮಾನವಿರಲಿಲ್ಲ.

ಬಂಡೆಯ ಕಟ್ಟಳೆಗಳು ಸರಳವಾಗಿದ್ದವು. ಇಟ್ಟ ಮಾತನ್ನು ಬೇಕಾದಾಗ ಬದಲಾಯಿಸಬಹುದು, ಕೊನೆಯ ಸಲ ಹೇಳಿದ್ದೇ ನಿಲ್ಲುತ್ತದೆ. ಯಾರಾದರೂ ಏನೂ ಹೇಳದೆ ಸತ್ತರೆ ಅದು ಹೆಂಡತಿ ಮಕ್ಕಳಿಗೆ. ಮನೆ ಪಡೆದವರು ಮನೆಯೊಳಗಿನ ಬಾಯಿಗಳನ್ನೂ ಪಡೆಯಬೇಕು. ಬಾಯಿ ಬೇಡ, ಮನೆ ಮಾತ್ರ ಸಾಕು ಎನ್ನುವಂತಿಲ್ಲ.

ಮಾಚಯ್ಯನೂ ಆ ಬಂಡೆಯ ಮೇಲೆ ಮಾತು ಇಟ್ಟಿದ್ದ. ಆದರೆ ಅದು ಮದುವೆಗೆ ಮುಂಚೆ. ಆಗ ಅವನ ಜೊತೆ ಆ ಪೊಟರೆಯಲ್ಲಿ ಚೆಲುವಯ್ಯ ಎಂಬ ಪುನುಗುಬೆಕ್ಕು ಇರುತ್ತಿತ್ತು. ಪುನುಗುಬೆಕ್ಕಿಗೆ ರಾತ್ರಿಯೆಲ್ಲ ಅಲೆದಾಟ, ಹಗಲೆಲ್ಲ ನಿದ್ದೆ. ಮಂಗಟ್ಟೆಗೆ ಅದರ ತದ್ವಿರುದ್ಧ. ಒಬ್ಬ ಏಳುವ ಹೊತ್ತಿಗೆ ಇನ್ನೊಬ್ಬ ಮಲಗಲು ಬರುತ್ತಿದ್ದ. ಒಂದೇ ಕೋಣೆಯಲ್ಲಿ ಇಬ್ಬರು ಬ್ರಹ್ಮಚಾರಿಗಳ ಸಂಸಾರ ಚೆನ್ನಾಗಿಯೇ ನಡೆದಿತ್ತು. ಆ ಖುಷಿಯಲ್ಲಿ ಮಾಚಯ್ಯ ಒಂದು ದಿನ ಬಂಡೆಯ ಮೇಲೆ ನಿಂತು, "ನನ್ನ ನಂತರ ಪೊಟರೆ ನನ್ನ ಗೆಳೆಯ ಚೆಲುವಯ್ಯನಿಗೆ," ಎಂದುಬಿಟ್ಟ. ಮುಂದೆ ನೀಲವ್ವ ಬಂದಳು. ಚೆಲುವಯ್ಯ ಬೇರೆ ಕಡೆ ಬಂಡೆಗಳ ಸಂದಿಯೊಂದನ್ನು ಹುಡುಕಿಕೊಂಡು ಹೋದ. ಹೋಗುವಾಗ ನಗುತ್ತಲೇ ಹೋದ, ಆದರೆ ಹೊಟ್ಟೆಯೊಳಗೆ ಉರಿಯಿತ್ತು.

ಈ ಸಂಗತಿ ನೀಲವ್ವನಿಗೆ ಗೊತ್ತಿತ್ತು. "ಆ ಮಾತು ಬದಲಾಯಿಸಿ ಬಂದ್ರಾ?" ಎಂದು ಅವಳು ಕಿಂಡಿಯಿಂದ ಕೇಳುತ್ತಿದ್ದಳು.

"ನೀನು ಗೋಡೆಯೊಳಗೆ ಇರೋವಾಗ ಗಂಡ ಸಾಯೋ ಮಾತು ಆಡಬಾರದು ಕಣೇ ನೀಲಿ. ಅಪಶಕುನ," ಎನ್ನುತ್ತಿದ್ದ ಮಾಚಯ್ಯ. ಮಂಗಟ್ಟೆ ಗಂಡಸರೆಲ್ಲ ಹಾಗೇ ನಂಬಿದ್ದರು.

"ಸರಿ, ನಾನು ಹೊರಗೆ ಬಂದ ಮೇಲೆ?"

"ಹೊರಗೆ ಬಂದ ಮೇಲೆ ಆಯ್ತು. ನಾಳೆ ಅನ್ನೋದು ಎಲ್ಲಿಗೆ ಓಡಿಹೋಗುತ್ತೆ?"

ಅವಳು ಹೊರಗೆ ಬಂದ ಮೇಲೆ ಹಾರುವುದು, ತಿನ್ನುವುದು, ಮರಿಗಳಿಗೆ ಕಲಿಸುವುದು ಎಂದು ನೂರು ಕೆಲಸ. ಸುಖವಾಗಿದ್ದಾಗ ಬಂಡೆಯ ನೆನಪು ಯಾರಿಗೆ ಬರುತ್ತದೆ? ಮಾಚಯ್ಯ ಕೆಟ್ಟವನಲ್ಲ. ಅವನಷ್ಟು ಅಕ್ಕರೆಯ ಗಂಡ ಆ ಕಾಡಿನಲ್ಲಿ ಇನ್ನೊಬ್ಬನಿರಲಿಲ್ಲ. ಆದರೆ ಅಕ್ಕರೆಯೇ ಸಾಕೆಂದುಕೊಂಡನಲ್ಲ, ಅದಕ್ಕೇ ನನಗೆ ಅವನ ಮೇಲೆ ಸಿಟ್ಟು.

ಆ ವರ್ಷವೂ ಬೇಸಿಗೆ ಬಂತು. ನೀಲವ್ವ ಗೋಡೆ ಕಟ್ಟಿಕೊಂಡಳು. ಎರಡು ಮರಿಗಳಾದವು. ಮರಿಗಳ ಮೈಮೇಲೆ ಇನ್ನೂ ಗರಿ ಮೂಡಿರಲಿಲ್ಲ, ಆಗ ಒಂದು ಮಧ್ಯಾಹ್ನ ಗಾಳಿ ಎದ್ದಿತು. ಗುಡುಗು ಬಂತು, ಆಲಿಕಲ್ಲು ಬಿತ್ತು, ತಾರೆ ಮರ ಬುಡದವರೆಗೂ ಅಲುಗಾಡಿತು. ಸಂಜೆಗೆ ಎಲ್ಲ ತಣ್ಣಗಾಯಿತು. ನೀಲವ್ವ ಕಿಂಡಿಗೆ ಕೊಕ್ಕು ಇಟ್ಟು ರೆಕ್ಕೆಯ ಸದ್ದಿಗೆ ಕಾದಳು. ಹನಿ ತೊಟ್ಟಿಕ್ಕುವ ಸದ್ದು ಕೇಳಿತು. ಕಪ್ಪೆ ಕೂಗುವ ಸದ್ದು ಕೇಳಿತು. ಮಾಚಯ್ಯ ಬರಲಿಲ್ಲ.

ಬೆಳಗಾಯಿತು. ಯಾರೋ ಕೊಂಬೆ ಹತ್ತಿ ಬರುವ ಸದ್ದಾಯಿತು. ಅವಳು ಕಿಂಡಿಗೆ ಕೊಕ್ಕು ಇಟ್ಟಳು. ಆದರೆ ಅದು ರೆಕ್ಕೆಯ ಸದ್ದಲ್ಲ, ಉಗುರಿನ ಸದ್ದು.

"ಅತ್ತಿಗೆ, ನಾನು ಚೆಲುವಯ್ಯ," ಎಂದಿತು ಹೊರಗಿನ ದನಿ. "ಅಣ್ಣ ಹೊಳೆದಂಡೇಲಿ ರೆಕ್ಕೆ ಮುರ್ಕೊಂಡು ಬಿದ್ದಿದ್ದಾನೆ. ನಿಮ್ಮನ್ನೇ ಕರೀತಿದ್ದಾನೆ. ಬೇಗ ಗೋಡೆ ಒಡೆದು ಬನ್ನಿ. ಮರಿಗಳನ್ನ ನಾನು ನೋಡ್ಕೋತೀನಿ."

ನೀಲವ್ವನ ಕೊಕ್ಕು ತಾನಾಗಿಯೇ ಗೋಡೆಯ ಮೇಲೆ ಹೋಯಿತು. ಒಂದು ಚೂರು ಮಣ್ಣು ಉದುರಿಯೂ ಉದುರಿತು. ಅವನು ಕರೆಯುತ್ತಿದ್ದಾನೆ ಎಂದರೆ ಗರಿಯಿಲ್ಲದ ರೆಕ್ಕೆಯಲ್ಲೂ ಹೋಗಬೇಕು ಎನಿಸಿತು ಅವಳಿಗೆ. ಅಷ್ಟರಲ್ಲಿ ಒಂದು ಮರಿ ಚೀಂಗುಟ್ಟಿತು. ಅವಳು ಕೊಕ್ಕು ಹಿಂದಕ್ಕೆ ತೆಗೆದಳು.

"ಚೆಲುವಯ್ಯ, ಅವರು ನನ್ನ ಹತ್ರ ಬರಿಗೈಲಿ ಯಾರನ್ನೂ ಕಳಿಸೋರಲ್ಲ," ಎಂದಳು. "ಒಂದು ಹಣ್ಣಾದರೂ ಕೊಟ್ಟಿರಬೇಕಲ್ಲ?"

"ಅಯ್ಯೋ, ಕೊಟ್ಟಿದ್ದ. ಅವಸರದಲ್ಲಿ ಕೆಳಗೇ ಬಿಟ್ಟು ಬಂದೆ," ಎಂದು ಚೆಲುವಯ್ಯ ಸರಸರ ಇಳಿದುಹೋದ. ತುಸು ಹೊತ್ತಿನಲ್ಲೇ ಬಂದು ಕಿಂಡಿಯಲ್ಲಿ ಒಂದು ಹಣ್ಣು ಇಟ್ಟ.

ನೀಲವ್ವ ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡಳು. ಅತ್ತಿ ಹಣ್ಣು. ಪಕ್ಕದಲ್ಲೇ ಇದ್ದ ಮರದ್ದು. ಒಳಗೆಲ್ಲ ಹುಳ. ಇಷ್ಟು ವರ್ಷ ಸಂಸಾರದಲ್ಲಿ ಮಾಚಯ್ಯ ಅವಳಿಗೆ ಹುಳ ಬಿದ್ದ ಹಣ್ಣು ತಂದುಕೊಟ್ಟಿರಲಿಲ್ಲ. ಹತ್ತಿರದ್ದು ಸಾಕೆಂದು ತಂದುಕೊಟ್ಟಿದ್ದೂ ಇಲ್ಲ.

"ಇದು ಅವರು ಕಳಿಸಿದ್ದಲ್ಲ," ಎಂದು ಅವಳು ಹಣ್ಣನ್ನು ಹೊರಗೆ ಉಗುಳಿದಳು. ಕಿಂಡಿಯಿಂದ ಪಂಜ ತೂರಿಸಲು ಬಂದ ಚೆಲುವಯ್ಯನಿಗೆ ಕೊಕ್ಕಿನಿಂದ ಒಂದು ಕೊಟ್ಟಳು. ಅವನು ಕುಂಯ್ಗುಡುತ್ತ ಇಳಿದುಹೋದ. ಆ ಗೋಡೆ ಒಣಗಿ ಕಲ್ಲಾಗಿತ್ತು, ಹೊರಗಿನಿಂದ ಒಡೆಯುವುದು ಅವನ ಉಗುರಿನ ಕೆಲಸವಾಗಿರಲಿಲ್ಲ.

ನಿಜವಾದ ಸುದ್ದಿ ತಂದವನು ಕಾಜಾಣ ಹಕ್ಕಿ. ಪಾಪ, ಅವನು ಬಹಳ ಹೊತ್ತು ಕಿಂಡಿಯ ಮುಂದೆ ಕೂತು ಬಾಲ ಅಲ್ಲಾಡಿಸಿದ.

"ಹೇಳಪ್ಪ," ಎಂದಳು ನೀಲವ್ವ.

"ಗಾಳಿಗೆ ಒಣಮರ ಬಿತ್ತು ಅಕ್ಕ. ಅಣ್ಣ ಅದರ ಕೆಳಗೆ ಸಿಕ್ಕಿದ್ರು," ಎಂದ ಕಾಜಾಣ. "ಗಂಟಲಲ್ಲಿ ಬಸರಿ ಹಣ್ಣು ಹಾಗೇ ಇತ್ತು. ನಿಮಗೇಂತ ತರ್ತಿದ್ರು ಅನ್ಸುತ್ತೆ."

ನೀಲವ್ವ ಕಿಂಡಿಯಿಂದ ಕೊಕ್ಕನ್ನು ಒಳಗೆ ಎಳೆದುಕೊಂಡಳು. ಕತ್ತಲೆಯಲ್ಲಿ ಮರಿಗಳ ಮೇಲೆ ಕವುಚಿಕೊಂಡು ಕೂತಳು. ಅಳಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಂಜೆಯಾದಾಗ, ಗೊತ್ತಿದ್ದೂ ಗೊತ್ತಿದ್ದೂ, ಮತ್ತೆ ಕಿಂಡಿಗೆ ಕೊಕ್ಕು ಇಟ್ಟಳು. ಕಾಜಾಣ ತನಗೆ ಸಿಕ್ಕ ಎರಡು ಮಿಡತೆಗಳನ್ನು ಅದರ ತುದಿಗೆ ಇಟ್ಟು ಹೋದ.

ಇತ್ತ ಚೆಲುವಯ್ಯ ಮೂಗಿನ ಗಾಯ ನೆಕ್ಕಿಕೊಂಡು ನೆಟ್ಟಗೆ ಮಾತಿನ ಬಂಡೆಗೆ ಹೋದ. "ಮಾಚಯ್ಯ ಸತ್ತ. ಪೊಟರೆ ನನ್ನದು. ಖಾಲಿ ಮಾಡಿಸಿಕೊಡಿ," ಎಂದ.

ಆಮೆಯಜ್ಜ ತಾರೆ ಮರದ ಬುಡಕ್ಕೆ ಬಂದು ಮುಟ್ಟುವಷ್ಟರಲ್ಲಿ ಮರುದಿನದ ಬಿಸಿಲು ಏರಿತ್ತು. ಆಮೆಯ ನಡಿಗೆ, ಏನು ಮಾಡುವುದು! ಕಡವೆ ದೊಡ್ಡಮ್ಮ ಮೊದಲೇ ಬಂದು ನಿಂತಿದ್ದಳು.

"ತಾಯಿ ನೀಲವ್ವ," ಎಂದ ಆಮೆಯಜ್ಜ ಕತ್ತು ಮೇಲೆತ್ತಿ. "ನಿನ್ನ ಗಂಡ ಇಟ್ಟ ಮಾತು ಒಂದೇ. ಪೊಟರೆ ಚೆಲುವಯ್ಯನಿಗೆ ಅಂತ. ಆಮೇಲೆ ಅವನು ಬಂಡೆ ಹತ್ತಲೇ ಇಲ್ಲ."

"ಅಜ್ಜ, ಅದು ಮದುವೆಗೆ ಮುಂಚಿನ ಮಾತು," ಎಂದಳು ನೀಲವ್ವ. "ನಾನಿದ್ದೀನಿ. ಈ ಮರಿಗಳಿದ್ದಾವೆ. ಅವರ ಮನಸ್ಸಲ್ಲಿ ಏನಿತ್ತು ಅಂತ ಇಡೀ ಕಾಡಿಗೆ ಗೊತ್ತು."

"ನಂಗೂ ಗೊತ್ತು," ಎಂದಳು ಕಡವೆ ದೊಡ್ಡಮ್ಮ. "ಹೋದ ತಿಂಗಳು ನೀರು ಕುಡಿಯೋವಾಗ ನನ್ನ ಹತ್ರಾನೇ ಹೇಳಿದ್ದ, ಎಲ್ಲ ನೀಲಿಗೇ ಅಂತ. ಬಂಡೆ ಅಲ್ಲೇ ಎದುರಿಗೇ ಇತ್ತು. ಹತ್ತಿ ಹೇಳೋ ಅಂದೆ. ನಾಳೆ ಅಂದ."

ಆಮೆಯಜ್ಜ ಕಣ್ಣು ಮುಚ್ಚಿ ಯೋಚಿಸಿದ. "ಮನಸ್ಸು ನನಗೂ ಗೊತ್ತು ತಾಯಿ. ಆದರೆ ಇವತ್ತು ನಿನ್ನ ಗಂಡನ ಮನಸ್ಸು ಅಂತ ನಾನು ಮಾತು ತಿರುಗಿಸಿದರೆ, ನಾಳೆ ಇನ್ನೊಬ್ಬ ಇನ್ನೊಂದು ಮನಸ್ಸು ಹೇಳಿಕೊಂಡು ಬರ್ತಾನೆ. ಅವನು ಏನೂ ಹೇಳದೆ ಹೋಗಿದ್ದರೂ ಪೊಟರೆ ನಿನ್ನದೇ ಆಗ್ತಿತ್ತು. ಹಳೇ ಮಾತು ಹಾಗೇ ಬಿಟ್ಟು ಹೋದ."

ಚೆಲುವಯ್ಯ ಮೀಸೆ ತೀಡಿಕೊಂಡ.

"ಕೇಳಿಲ್ಲಿ ಚೆಲುವಯ್ಯ," ಎಂದು ಆಮೆಯಜ್ಜ ಅವನ ಕಡೆ ತಿರುಗಿದ. "ಪೊಟರೆ ನಿನ್ನದು. ಅದರೊಳಗಿನ ಮೂರು ಬಾಯಿಗಳೂ ನಿನ್ನವು. ಮರಿಗಳು ಹಾರೋವರೆಗೆ, ತಾಯಿಗೆ ಗರಿ ಬರೋವರೆಗೆ ನೀನು ಸಾಕಬೇಕು. ಒಂದು ಬಾಯಿ ಹಸಿವಿಂದ ನಿಂತುಹೋದರೂ ನಿನ್ನ ಹಕ್ಕು ಹೋಯ್ತು. ಬೇಡ ಅಂದರೂ ಹೋಯ್ತು. ಆಗ ಅದು ಅವಳದು. ಕಾಜಾಣ ಇಲ್ಲೇ ಕೂತು ನೋಡ್ತಾನೆ."

ಚೆಲುವಯ್ಯ ಒಂದು ಕ್ಷಣ ಹಿಂದೆಮುಂದೆ ನೋಡಿದ. ಆಮೇಲೆ ಅವನ ಆಸೆ ಅವನ ಕಿವಿಯಲ್ಲಿ ಏನೋ ಹೇಳಿತು. ಮಾಚಯ್ಯ ತಂದು ಸುರಿಯುತ್ತಿದ್ದ ಆ ಹಣ್ಣುಗಳು ಎಲ್ಲಿಯವೆಂದು ಅವನಿಗೆ ಗೊತ್ತಿರಲಿಲ್ಲ. ಸಾಕುವ ನೆಪದಲ್ಲಿ ಆ ಮರಗಳ ಗುಟ್ಟೂ ಸಿಗುತ್ತದಲ್ಲ! ಪೊಟರೆಯೂ ತನ್ನದು, ಮರಗಳೂ ತನ್ನವು. "ಆಗಲಿ ಅಜ್ಜ. ಅತ್ತಿಗೆ ಅಂದರೆ ತಾಯಿ ಸಮಾನ," ಎಂದು ಕೈ ಮುಗಿದ.

ಎಲ್ಲರೂ ಹೋದ ಮೇಲೆ ಕಿಂಡಿಯ ಹತ್ತಿರ ಬಂದ. ಕೊಕ್ಕಿಗೆ ಸಿಗದಷ್ಟು ದೂರದಲ್ಲಿ ಕೂತು ಕೇಳಿದ. "ಈಗ ಹೇಳಿ ಅತ್ತಿಗೆ. ಅಣ್ಣನ ಮರಗಳು ಎಲ್ಲೆಲ್ಲಿವೆ?"

"ನಂಗೆ ಗೊತ್ತಿಲ್ಲ," ಎಂದಳು ನೀಲವ್ವ.

"ಇಷ್ಟು ವರ್ಷ ತಿಂದಿದ್ದೀರಿ."

"ತಿಂದಿದ್ದೀನಿ. ಕೇಳಿದ್ದೀನಿ. ಹೊರಗೆ ಬಾ, ತೋರಿಸ್ತೀನಿ ಅಂದಿದ್ದರು."

ಒಳಗೆ ಮರಿಗಳು ಹಸಿವಿನಿಂದ ಅರಚುತ್ತಿದ್ದವು. ನೀಲವ್ವ ಕಣ್ಣು ಮುಚ್ಚಿದಳು. ತಿಂದ ಹಣ್ಣುಗಳನ್ನೆಲ್ಲ ಒಂದೊಂದಾಗಿ ನಾಲಿಗೆಯ ಮೇಲೆ ಮತ್ತೆ ತಂದುಕೊಂಡಳು. ಹಣ್ಣಿನ ಜೊತೆಗೆ ಅವನೂ ನೆನಪಾದ. ಅವನ ಗರಿಯ ವಾಸನೆ, ಅವನ ಉಸಿರು, ಅವನು ತಡವಾಗಿ ಬಂದ ದಿನಗಳು.

"ಬಸರಿ ಹಣ್ಣು ತಂದಾಗ ಅವರ ಎದೆಯ ಗರಿ ಪಾಚಿ ವಾಸನೆ ಬರ್ತಿತ್ತು," ಎಂದಳು ನಿಧಾನವಾಗಿ. "ಹೊಳೆ ಮೇಲೆ ಬಾಗಿರೋ ಮರ ಇರಬೇಕು. ಬೇಗ ಬರ್ತಿದ್ದರು, ಹತ್ತಿರವೇ. ಹೊಳೆ ಪಕ್ಕದಲ್ಲೇ ಹೋಗಿ ನೋಡು."

ಚೆಲುವಯ್ಯ ಹೋದ. ಮರ ಸಿಕ್ಕಿತು. ಅದರ ಬುಡದಲ್ಲೇ ಆ ಒಣಮರವೂ ಬಿದ್ದಿತ್ತು. ಅವನು ಹೊಟ್ಟೆ ಬಿರಿಯುವಷ್ಟು ತಿಂದ. ಅಲ್ಲೇ ಒಂದು ನಿದ್ದೆ ಹೊಡೆದ. ಎದ್ದು, ಉಳಿದ ನಾಲ್ಕು ಹಣ್ಣು ಕಚ್ಚಿಕೊಂಡು ಬಂದ. ಕಿಂಡಿಯಲ್ಲಿ ಮೂರು ಬಾಯಿಗಳು ಅದನ್ನು ನುಂಗಿ ಮತ್ತೆ ತೆರೆದುಕೊಂಡವು.

"ಸಾಕಾಗಲಿಲ್ಲ," ಎಂದ ಕೊಂಬೆಯ ಮೇಲಿದ್ದ ಕಾಜಾಣ.

ಮಂಗಟ್ಟೆ ಮರಿಗಳ ಹಸಿವು ಎಂಥದೆಂದು ಚೆಲುವಯ್ಯನಿಗೆ ಆಗ ತಿಳಿಯಿತು. ಅವನ ಬಾಯಲ್ಲಿ ಎಷ್ಟು ಹಣ್ಣು ಹಿಡಿಸೀತು? ಮಾಚಯ್ಯನಿಗೆ ಗಂಟಲ ತುಂಬ ಹಣ್ಣು ತುಂಬಿಕೊಂಡು ಬರುವ ಚೀಲವಿತ್ತು. ಮಾಚಯ್ಯ ಹಾರಿ ದಾಟುತ್ತಿದ್ದ ಕಣಿವೆಯನ್ನು ಚೆಲುವಯ್ಯ ಇಳಿದು ಹತ್ತಬೇಕಿತ್ತು. ಹತ್ತಿ ಬಂದರೆ ಮತ್ತೆ ಹೋಗಬೇಕಿತ್ತು. ಹಗಲು ನಿದ್ದೆ ಅವನ ಪ್ರಾಣ. ಈಗ ಹಗಲೂ ಇಲ್ಲ, ಇರುಳೂ ಇಲ್ಲ. ನಡೆಯುತ್ತಲೇ ತೂಕಡಿಸಿ ಒಮ್ಮೆ ಹೊಳೆಗೂ ಬಿದ್ದ. ಒಂದು ದಿನ ಬೇಸತ್ತು ಪಕ್ಕದ ಅತ್ತಿ ಹಣ್ಣನ್ನೇ ತಂದಿಟ್ಟ. ಚಿಕ್ಕ ಮರಿ ಹುಳ ಸಮೇತ ಅದನ್ನು ಅವನ ಮುಖಕ್ಕೇ ಉಗುಳಿತು. ತಾಯಿಯ ನಾಲಿಗೆಯೇ ಮರಿಗೂ ಬಂದಿತ್ತು.

ಬಸರಿ ಹಣ್ಣು ಮುಗಿಯುತ್ತ ಬಂದಾಗ ನೀಲವ್ವ ಗೋಣಿ ಮರ ಹೇಳಿದಳು. "ಅದನ್ನ ತರೋವಾಗ ಅವರ ಗರಿ ಬೆಚ್ಚಗಿರ್ತಿತ್ತು. ನೆರಳಿಲ್ಲದ ಜಾಗ. ಬಾಯಲ್ಲಿ ಹುಲ್ಲಿನ ಬೀಜ ಸಿಕ್ತಿತ್ತು. ಬಯಲಿನ ನಡುವೆ ಒಂಟಿ ಮರ." ಅದೂ ಹಾಗೆಯೇ ಇತ್ತು. ಒಳಗೆ ಅವಳ ರೆಕ್ಕೆಯಲ್ಲಿ ಹೊಸ ಗರಿಗಳು ಮೂಡಿದವು. ಮರಿಗಳ ಮೈಮೇಲೆ ಕಪ್ಪು ಗರಿ ಬಂತು. ಹೊರಗೆ ಚೆಲುವಯ್ಯನ ಮೈಮೇಲಿನ ಕೂದಲು ಉದುರಿತು, ಪಕ್ಕೆ ಎದ್ದು ಕಾಣಿಸಿತು.

ಗೋಣಿ ಹಣ್ಣೂ ಮುಗಿಯಿತು. "ಇನ್ನೊಂದು ಇದೆ," ಎಂದಳು ನೀಲವ್ವ. ದನಿ ಸಣ್ಣದಾಗಿತ್ತು. "ರಾಮಪತ್ರೆ. ಅದಕ್ಕೆ ಹೋದರೆ ಬಹಳ ಹೊತ್ತು ಬರ್ತಿರಲಿಲ್ಲ. ಬಂದಾಗ ಗರಿ ಮೇಲೆ ಮಂಜು ಇರ್ತಿತ್ತು, ಬೇಸಿಗೇಲೂ. ಗುಡ್ಡದ ನೆತ್ತಿ ಮೇಲೆ ಇರಬೇಕು."

ಚೆಲುವಯ್ಯ ಗುಡ್ಡ ನೋಡಿದ. ತನ್ನ ಅಂಗಾಲು ನೋಡಿಕೊಂಡ. ಮರಿಗಳು ಅರಚಿದವು. ಕಾಜಾಣ ಬಾಲ ಅಲ್ಲಾಡಿಸಿದ. ಅವನು ಹೊರಟ.

ಮರುದಿನ ಸಂಜೆಗೆ ಕುಂಟುತ್ತ ಬಂದ. ಬಾಯಲ್ಲಿ ಒಂದೇ ಒಂದು ಹಣ್ಣು. ದಾರಿಯಲ್ಲಿ ಮುಳ್ಳುಕಂಟಿ, ಜಾರುಬಂಡೆ, ಜಿಗಣೆ. ಉಳಿದವೆಲ್ಲ ಬಿದ್ದುಹೋಗಿದ್ದವು. ಅದನ್ನು ಕಿಂಡಿಯಲ್ಲಿ ಇಟ್ಟು ಕೊಂಬೆಯ ಮೇಲೆ ಚಾಪೆಯಂತೆ ಬಿದ್ದುಕೊಂಡ.

ನೀಲವ್ವ ಹಣ್ಣನ್ನು ನಾಲಿಗೆಗೆ ಮುಟ್ಟಿಸಿದಳು. ಮಾಚಯ್ಯನೇ ಬಂದು ಕಿಂಡಿಯ ಆಚೆ ನಿಂತಂತಾಯಿತು ಅವಳಿಗೆ. ಆಮೇಲೆ ಹಣ್ಣನ್ನು ಎರಡು ಮಾಡಿ ಮರಿಗಳ ಬಾಯಿಗೆ ಇಟ್ಟಳು.

"ಇದೇ ಮರ," ಎಂದಳು. ಆಮೇಲೆ, ಕೇಳಲೋ ಬೇಡವೋ ಎನ್ನುವಂತೆ ಕೇಳಿದಳು. "ಚೆಲುವಯ್ಯ, ಅಲ್ಲಿಂದ ಏನು ಕಾಣುತ್ತೆ?"

ಚೆಲುವಯ್ಯನಿಗೆ ಸುಳ್ಳು ಹೇಳುವಷ್ಟೂ ಶಕ್ತಿ ಉಳಿದಿರಲಿಲ್ಲ. "ಹೊಳೆ ಕಾಣುತ್ತೆ," ಎಂದ ಕಣ್ಣು ಮುಚ್ಚಿಕೊಂಡೇ. "ಈ ತಾರೆ ಮರ ಕಾಣುತ್ತೆ. ಆ ರಾಮಪತ್ರೆ ಮರದ ತುದೀಲಿ ಒಂದು ಕೊಂಬೆ ಸವೆದು ನುಣ್ಣಗಾಗಿದೆ, ಬಹಳ ದಿನ ಯಾರೋ ಕೂತು ಕೂತು. ಅಲ್ಲಿ ಕೂತರೆ ನಿಮ್ಮ ಕಿಂಡಿ ನೇರ ಎದುರಿಗೆ ಕಾಣುತ್ತೆ."

ಆ ಬಹಳ ಹೊತ್ತು ಮಾಚಯ್ಯ ಎಲ್ಲಿರುತ್ತಿದ್ದ ಎಂದು ನೀಲವ್ವನಿಗೆ ಆವತ್ತು ತಿಳಿಯಿತು. ಅವಳು ಕಾಯುತ್ತ ಬೇಸರಪಟ್ಟ ಸಂಜೆಗಳಲ್ಲೆಲ್ಲ ಅವನು ಗುಡ್ಡದ ಮೇಲೆ ಕೂತು ಅವಳ ಕಿಂಡಿಯನ್ನೇ ನೋಡುತ್ತಿದ್ದ. ಅದನ್ನಾದರೂ ಹೇಳಬಾರದಿತ್ತೇ ಎಂದು ಅವಳು ಕತ್ತಲೆಯಲ್ಲಿ ಅವನನ್ನು ಬೈದಳು. ಬೈಯುತ್ತ ಅತ್ತಳು.

ಬೆಳಗಾಗುವ ಮೊದಲೇ ಮರಿಗಳು ಮತ್ತೆ ಬಾಯಿ ತೆರೆದವು. ಚೆಲುವಯ್ಯ ಎದ್ದು ನಿಂತ. ಗುಡ್ಡದ ಕಡೆ ಒಂದು ಹೆಜ್ಜೆ ಇಟ್ಟ. ಆಮೇಲೆ ತಿರುಗಿ, ಕುಂಟುತ್ತ ಕುಂಟುತ್ತ ಮಾತಿನ ಬಂಡೆಗೆ ಹೋದ.

"ನಂಗೆ ಈ ಪೊಟರೆ ಬೇಡ ಅಜ್ಜ. ಆ ಬಾಯಿಗಳೂ ಬೇಡ," ಎಂದ. "ಒಂದು ನಿದ್ದೆ ಸಿಕ್ಕರೆ ಸಾಕು."

"ದೊಡ್ಡಮ್ಮ, ಕೇಳಿಸಿಕೊಂಡೆಯಾ?" ಎಂದು ಆಮೆಯಜ್ಜ ಕೇಳಿದ.

"ಕೇಳಿಸಿಕೊಂಡೆ," ಎಂದಳು ಕಡವೆ ದೊಡ್ಡಮ್ಮ.

ಚೆಲುವಯ್ಯ ಮಲಗಲು ತನ್ನ ಬಂಡೆಸಂದಿಗೆ ಹೋದ. ಅಷ್ಟು ದಿನ ಅವನು ಆ ಕಡೆ ತಲೆಹಾಕಿರಲಿಲ್ಲ. ಅಲ್ಲಿ ಒಂದು ಮುಳ್ಳುಹಂದಿ ಸಂಸಾರ ಹೂಡಿತ್ತು. ಅವನು ಒಳಗೆ ಮೂಗು ತೂರಿಸಿದ, ಅದು ಬೆನ್ನು ತೋರಿಸಿತು. ಆಮೇಲೆ ಅವನನ್ನು ಆ ಕಾಡಿನಲ್ಲಿ ಯಾರೂ ನೋಡಲಿಲ್ಲ.

ಕಾಜಾಣ ಸುದ್ದಿ ತಂದಾಗ ನೀಲವ್ವ ರೆಕ್ಕೆ ಬಿಚ್ಚಿ ನೋಡಿಕೊಂಡಳು. ಗರಿ ಬಲಿತಿದ್ದವು. ಅವಳು ಗೋಡೆ ಒಡೆದು ಹೊರಗೆ ಬಂದಳು. ಮರಿಗಳು, ಯಾರೂ ಹೇಳಿಕೊಡದಿದ್ದರೂ, ಒಳಗಿನಿಂದ ಮತ್ತೆ ಮಣ್ಣು ಮೆತ್ತಿಕೊಂಡವು. ಈಗ ಕಿಂಡಿಯ ಹೊರಗೆ ನಿಂತವಳು ಅವಳು.

ಅವಳು ಹಾರಿದಳು. ಹೊಳೆಯ ಮೇಲೆ ಬಾಗಿದ ಬಸರಿ ಮರ ನೋಡಿದಳು. ಬುಡದಲ್ಲಿ ಬಿದ್ದಿದ್ದ ಒಣಮರದ ಮೇಲೆ ಒಂದು ಸುತ್ತು ಹಾಕಿದಳು. ಬಯಲಿನ ಒಂಟಿ ಗೋಣಿ ಮರ ನೋಡಿದಳು. ಎಲ್ಲವೂ ಗೊತ್ತಿದ್ದ ಊರಿನಂತಿತ್ತು, ಆದರೆ ತೋರಿಸುತ್ತೇನೆ ಎಂದವನು ಪಕ್ಕದಲ್ಲಿರಲಿಲ್ಲ. ಗುಡ್ಡದ ನೆತ್ತಿಗೆ ಹೋಗಿ, ಸವೆದ ಕೊಂಬೆಯ ಮೇಲೆ ಕೂತಳು. ಅವನ ಉಗುರಿನ ಗುರುತುಗಳ ಮೇಲೆ ಅವಳ ಉಗುರು ಸರಿಯಾಗಿ ಕೂತಿತು. ಎದುರಿಗೆ, ದೂರದಲ್ಲಿ, ಕಿಂಡಿ ಕಾಣಿಸಿತು. ಅಲ್ಲಿ ಎರಡು ಪುಟ್ಟ ಕೊಕ್ಕುಗಳು ಹೊರಗೆ ಚಾಚಿ ಕಾಯುತ್ತಿದ್ದವು. ಹೀಗೆಯೇ ಕಾಣುತ್ತಿದ್ದೆ ನಾನು ಅವರಿಗೆ ಎಂದುಕೊಂಡಳು. ಅಲ್ಲಿಂದ ಏಳಲು ಅವಳಿಗೆ ಮನಸ್ಸೇ ಬರಲಿಲ್ಲ.

ಆದರೂ ಎದ್ದಳು. ಗಂಟಲ ತುಂಬ ಹಣ್ಣು ತುಂಬಿಕೊಂಡಳು. ಮನೆಯ ದಾರಿಯಲ್ಲೇ ಮಾತಿನ ಬಂಡೆಗೆ ಇಳಿದಳು.

"ಏನು ತಾಯಿ, ಮರಿ ಗೋಡೆಯೊಳಗೆ ಇರೋವಾಗ ಇಲ್ಲಿಗೆ ಬಂದೆ?" ಎಂದ ಆಮೆಯಜ್ಜ. "ನಿಮ್ಮವರಲ್ಲಿ ಅಪಶಕುನ ಅಲ್ವಾ?"

"ಶಕುನ ನೋಡಿದ್ದು ಸಾಕಾಯ್ತು ಅಜ್ಜ," ಎಂದು ನೀಲವ್ವ ಬಂಡೆಯ ನಡುವೆ ನಿಂತಳು. "ನನ್ನ ನಂತರ ಈ ಪೊಟರೆ ನನ್ನ ಎರಡು ಮಕ್ಕಳಿಗೆ, ಇಬ್ಬರಿಗೂ ಸಮ. ಅವರು ಚಿಕ್ಕವರಾಗಿದ್ದಾಗಲೇ ನಾನು ಹೋದರೆ ಸಾಕೋನು ಕಾಜಾಣ, ಅವನು ಒಪ್ಪಿದ್ದಾನೆ. ನಾಳೆ ಬದುಕು ಬೇರೆ ಥರ ಆದರೆ ನಾನೇ ಬಂದು ಬೇರೆ ಮಾತು ಹೇಳ್ತೀನಿ."

ಆಮೆಯಜ್ಜ ಕೇಳಿಸಿಕೊಂಡ. ಕಡವೆ ದೊಡ್ಡಮ್ಮ ಕೇಳಿಸಿಕೊಂಡಳು. ಅಷ್ಟೇ ಕೆಲಸ. ಮಾಚಯ್ಯ ಇಷ್ಟು ವರ್ಷ ಮುಂದೂಡಿದ ಕೆಲಸ ಒಂದು ಹಣ್ಣು ನುಂಗುವಷ್ಟು ಹೊತ್ತಿನಲ್ಲಿ ಮುಗಿದುಹೋಯಿತು. ಅದು ತಿಳಿದಾಗ ನೀಲವ್ವನಿಗೆ ಇನ್ನೂ ಹೆಚ್ಚು ನೋವಾಯಿತು.

ಅಂದಿನಿಂದ ಅವಳು ಕಿಂಡಿಯಲ್ಲಿ ಇಡುವ ಪ್ರತಿ ಹಣ್ಣಿನ ಜೊತೆಗೆ ಮರದ ದಾರಿಯನ್ನೂ ಹೇಳಿದಳು. "ಇದು ಬಸರಿ. ಹೊಳೆ ಮೇಲೆ ಬಾಗಿದೆ. ಇದು ಗೋಣಿ. ಬಯಲಲ್ಲಿ ಒಂಟಿಯಾಗಿದೆ." ಮರಿಗಳು ಬಾಯಿ ತುಂಬಿಕೊಂಡೇ ಅದನ್ನು ಮರಳಿ ಹೇಳಿದವು. ಮಳೆ ಹಿಡಿಯುವ ಮುನ್ನ ಅವು ಗೋಡೆ ಒಡೆದು ಹೊರಗೆ ಬಂದವು. ಗುಡ್ಡದ ನೆತ್ತಿಯಲ್ಲಿ ಕೊನೆಯ ನಾಲ್ಕು ರಾಮಪತ್ರೆ ಹಣ್ಣುಗಳಿದ್ದವು. ನೀಲವ್ವ ಆ ವರ್ಷ ಅವು ಮುಗಿಯುವ ತನಕ ಕಾಯಲಿಲ್ಲ, ಮರಿಗಳನ್ನು ಮೊದಲ ದಿನವೇ ಅಲ್ಲಿಗೆ ಕರೆದುಕೊಂಡು ಹೋದಳು.

"ಅವ್ವ, ಈ ಕೊಂಬೆ ಯಾಕೆ ಇಷ್ಟು ನುಣ್ಣಗಿದೆ?" ಎಂದು ಚಿಕ್ಕ ಮರಿ ಕೇಳಿತು.

"ನಿಮ್ಮಪ್ಪ ಇಲ್ಲಿ ಕೂರ್ತಿದ್ದರು," ಎಂದಳು ನೀಲವ್ವ. "ಕೂತು ನೋಡಿ. ನಮ್ಮ ಮನೆ ಕಾ‍ಣುತ್ತೆ."

ನೀತಿ: ನಮ್ಮ ನಂತರ ಯಾವುದು ಯಾರಿಗೆ ಎಂಬುದನ್ನು ನಾವು ಬದುಕಿರುವಾಗಲೇ ಸಾಕ್ಷಿಗಳ ಮುಂದೆ ಹೇಳಿಡಬೇಕು, ಬದುಕು ಬದಲಾದಾಗ ಆ ಮಾತನ್ನೂ ಬದಲಾಯಿಸಬೇಕು, ಏನು ಎಲ್ಲಿದೆ ಎಂದು ಮನೆಯವರಿಗೆ ತಿಳಿಸಿರಬೇಕು, ಮನಸ್ಸಿನಲ್ಲೇ ಉಳಿದ ಪ್ರೀತಿ ನಾವು ಹೋದ ಮೇಲೆ ನಮ್ಮವರನ್ನು ಕಾಯಲಾರದು.